ಆ ಮಗುವಿನ ಅಮ್ಮ ಎಲ್ಲಿದ್ದಾಳೆ?

ಕಠ್ಮಂಡುವಿನ ದಕ್ಷಿಣಕ್ಕೆ, ಬೆಟ್ಟದ ಬುಡದಲ್ಲಿ ಗೋದಾವರಿ ಎಂಬ ಊರಿದೆ. 2004ರಲ್ಲಿ ಅಲ್ಲಿನ ಪುಟ್ಟ ಅನಾಥಾಲಯವೊಂದಕ್ಕೆ ಕಾನರ್ ಗ್ರೆನ್ನನ್ ಎಂಬ ಅಮೆರಿಕದ ಯುವಕ ಸ್ವಯಂಸೇವಕರಾಗಿ ಬಂದರು. ಕೆಲಸ ಬಿಟ್ಟು ಒಂದು ವರ್ಷ ಜಗತ್ತು ಸುತ್ತಲು ಹೊರಟವರು. ಮೊದಲು ಸ್ವಲ್ಪ ಕಾಲ ಮಕ್ಕಳ ಸೇವೆ ಮಾಡಿದರೆ ಆಮೇಲಿನ ತಿರುಗಾಟವನ್ನು ಯಾರೂ ಆಡಿಕೊಳ್ಳುವುದಿಲ್ಲ ಎಂಬ ಲೆಕ್ಕವೂ ಮನಸ್ಸಿನಲ್ಲಿತ್ತು ಎಂದು ಅವರೇ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಆ ಮನೆಯ ಮಕ್ಕಳು ನೇಪಾಳದ ವಾಯವ್ಯ ಮೂಲೆಯ ಹುಮ್ಲಾ ಜಿಲ್ಲೆಯವರು. ಮಾವೋವಾದಿ ಯುದ್ಧದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡವರು ಎಂದೇ ಅಲ್ಲಿಗೆ ಬಂದವರೆಲ್ಲ ನಂಬಿದ್ದರು.

ಆಮೇಲೊಂದು ದಿನ ಹೆಂಗಸೊಬ್ಬಳು ಆ ಮನೆಯನ್ನು ಹುಡುಕಿಕೊಂಡು ಬಂದಳು. ಅಲ್ಲಿದ್ದ ಇಬ್ಬರು ಹುಡುಗರ ತಾಯಿ ಆಕೆ.

ನೇಪಾಳದ ಯುದ್ಧ 1996ರಿಂದ 2006ರವರೆಗೆ ನಡೆಯಿತು. ಮನೆಗೊಂದು ಮಗುವನ್ನು ತಮ್ಮ ಪಡೆಗೆ ಕೊಡಿ ಎಂದು ಬಂಡುಕೋರರು ಕೇಳುತ್ತಿದ್ದ ಕಾಲ. ಆಗ ಹುಮ್ಲಾದ ಹಳ್ಳಿಗಳಿಗೆ ದಲ್ಲಾಳಿಗಳು ಹೋದರು. ಮಗುವನ್ನು ನಮ್ಮ ಜೊತೆ ಕಳಿಸಿ, ಕಠ್ಮಂಡುವಿನ ಒಳ್ಳೆಯ ಶಾಲೆಗೆ ಹಾಕುತ್ತೇವೆ, ಅಲ್ಲಿ ಜೀವಕ್ಕೆ ಅಪಾಯವಿಲ್ಲ ಎಂದರು. ಎಷ್ಟೋ ತಂದೆತಾಯಿಗಳು ಇದ್ದಬದ್ದದ್ದನ್ನು ಮಾರಿ, ಸಾಲ ಮಾಡಿ ದುಡ್ಡು ಹೊಂದಿಸಿಕೊಟ್ಟರು. ಮಗುವಿನ ಜೀವ ಉಳಿಯಲಿ ಎಂದು ಕೊಟ್ಟ ದುಡ್ಡು ಅದು. ರಾಜಧಾನಿ ಸೇರಿದ ಮೇಲೆ ಅದೇ ಮಕ್ಕಳು ಕಾಗದದ ಮೇಲೆ ಅನಾಥರಾದರು. ಬದುಕಿರುವ ಅಪ್ಪನ ಹೆಸರಿನಲ್ಲಿ ಮರಣದ ದಾಖಲೆ ತಯಾರಾಯಿತು.

ಹೊರದೇಶದ ಅನಾಥಾಶ್ರಮದಲ್ಲಿ ಕೆಲವು ವಾರ ಇದ್ದು ಬಂದರೆ ಹುಡುಗ ಹುಡುಗಿಯರು ಬೇರೆಯೇ ಮನುಷ್ಯರಾಗಿ ಮರಳುತ್ತಾರೆ ಎಂದು ಸ್ವಯಂಸೇವೆಯ ಪ್ರವಾಸ ಏರ್ಪಡಿಸುವವರು ಹೇಳುತ್ತಾರೆ. ಹೋಗಿ ಬಂದ ಎಳೆಯರೂ ಅದನ್ನೇ ಹೇಳುತ್ತಾರೆ. ಸುಳ್ಳೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಮನೆಯಿಂದ ಸಾವಿರಾರು ಮೈಲಿ ದೂರ, ನಲ್ಲಿಯಲ್ಲಿ ನೀರು ಬರದ ಊರಿನಲ್ಲಿ, ಮಗುವೊಂದು ಓಡಿ ಬಂದು ತೋಳಿಗೆ ಬಿದ್ದರೆ ಒಳಗೆ ಏನೋ ಕದಲದೇ ಇರುವುದಿಲ್ಲ. ಆದರೆ ಆ ಕದಲಿಕೆ ಮುಂದೆ ಯಾವ ಕಡೆ ಹೋಗುತ್ತದೆ, ಅದರ ಬೆಲೆ ಯಾರು ತೆರುತ್ತಾರೆ ಎಂದು ಕೇಳಲೇಬೇಕು. ಗ್ರೆನ್ನನ್ ಅವರನ್ನು ನಿಜವಾಗಿ ಬದಲಾಯಿಸಿದ್ದು ತೋಳಿಗೆ ಬಿದ್ದ ಮಕ್ಕಳಿಗಿಂತ ಹೆಚ್ಚಾಗಿ, ಬಾಗಿಲಿಗೆ ಬಂದ ಆ ತಾಯಿ ಎಂದು ನನ್ನ ನಂಬಿಕೆ.

ಮೊದಲು ಅನಾಥ ಎಂಬ ಮಾತನ್ನೇ ನೋಡೋಣ. ಯುನಿಸೆಫ್ ಲೆಕ್ಕದಲ್ಲಿ 2015ರ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 14 ಕೋಟಿ ಅನಾಥ ಮಕ್ಕಳು. ಅಪ್ಪ, ಅಮ್ಮ ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಆ ಲೆಕ್ಕಕ್ಕೆ ಸೇರುತ್ತಾರೆ. ಇಬ್ಬರೂ ಇಲ್ಲದವರು 1.51 ಕೋಟಿ ಮಾತ್ರ. ಅವರಲ್ಲೂ ಹೆಚ್ಚಿನವರು ಅಜ್ಜಿಯ ಹತ್ತಿರವೋ ಚಿಕ್ಕಪ್ಪ, ಸೋದರಮಾವನ ಮನೆಯಲ್ಲೋ ಬೆಳೆಯುತ್ತಾರೆ. ಅಪ್ಪ ತೀರಿಕೊಂಡು ಅಮ್ಮ ಕೂಲಿ ಮಾಡಿ ಸಾಕುತ್ತಿರುವ ಮಗುವನ್ನು ನಮ್ಮ ಹಳ್ಳಿಗಳಲ್ಲಿ ಯಾರೂ ಅನಾಥ ಎನ್ನುವುದಿಲ್ಲ. ಆದರೆ ದಾನ ಕೇಳುವ ಪೋಸ್ಟರಿನಲ್ಲಿ ದೊಡ್ಡ ಅಂಕಿಯೊಂದೇ ಅಚ್ಚಾಗುತ್ತದೆ. ಅದನ್ನು ಓದಿದವರ ಕಣ್ಣ ಮುಂದೆ ಯಾರೂ ಇಲ್ಲದ 14 ಕೋಟಿ ಮಕ್ಕಳು ಬಂದು ನಿಲ್ಲುತ್ತಾರೆ.

ಇದರಿಂದ ಏನಾಗುತ್ತದೆ ಎಂಬುದಕ್ಕೆ ಕಾಂಬೋಡಿಯಾಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. 2005ರಲ್ಲಿ ಆ ದೇಶದಲ್ಲಿ 154 ಅನಾಥಾಶ್ರಮಗಳಿದ್ದವು, 2010ರಲ್ಲಿ 269. ಅಲ್ಲಿದ್ದ ಮಕ್ಕಳ ಸಂಖ್ಯೆ 6,254ರಿಂದ 11,945ಕ್ಕೆ ಏರಿತು. ಆ ಐದು ವರ್ಷಗಳಲ್ಲಿ ಅಲ್ಲಿ ದೊಡ್ಡ ಯುದ್ಧವೇನೂ ಇರಲಿಲ್ಲ. ಲಕ್ಷಾಂತರ ಜನರನ್ನು ಕೊಂದ ಪೋಲ್ ಪಾಟ್ ಆಡಳಿತ ಮುಗಿದು ಕಾಲು ಶತಮಾನವೇ ಕಳೆದಿತ್ತು. ಹೆಚ್ಚಿದ್ದು ಪ್ರವಾಸಿಗರು: 2005ರಲ್ಲಿ ಸುಮಾರು 14 ಲಕ್ಷ ವಿದೇಶಿಗರು ಬಂದಿದ್ದರೆ 2010ರಲ್ಲಿ 25 ಲಕ್ಷ. 269 ಆಶ್ರಮಗಳಲ್ಲಿ ಸರ್ಕಾರ ನಡೆಸುತ್ತಿದ್ದದ್ದು ಬರೀ 21. ಉಳಿದವು ದಾನಿಗಳ ದುಡ್ಡಿನಲ್ಲಿ, ಬಹಳಷ್ಟು ಹೊರದೇಶದ ದುಡ್ಡಿನಲ್ಲಿ ನಡೆಯುತ್ತಿದ್ದವು. ಅಲ್ಲಿದ್ದ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂವರು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದರು.

ಅಂಗ್‌ಕೋರ್ ವಾಟ್ ನೋಡಲು ಸಿಯೆಮ್ ರೀಪ್‌ಗೆ ಹೋದವರು ಆ ಊರಿನ ಬೀದಿಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದಾರೆ. ನಮ್ಮ ಆಶ್ರಮಕ್ಕೆ ಬನ್ನಿ, ನಮ್ಮ ನೃತ್ಯ ನೋಡಿ ಎಂದು ಮಕ್ಕಳೇ ರಾತ್ರಿ ಹೊತ್ತು ಪ್ರವಾಸಿಗರಿಗೆ ಚೀಟಿ ಹಂಚುತ್ತಿದ್ದರು. ಬೆಳಿಗ್ಗೆ ದೇವಾಲಯ, ಮಧ್ಯಾಹ್ನ ತೇಲುವ ಹಳ್ಳಿ, ಸಂಜೆ ಅನಾಥಾಶ್ರಮ. ಇದರ ಲೆಕ್ಕಾಚಾರ ಸರಳ. ವಾರಕ್ಕೆ ಇಷ್ಟು ಎಂದು ಸ್ವಯಂಸೇವಕರು ಏಜೆನ್ಸಿಗೆ ಫೀಸು ಕಟ್ಟುತ್ತಾರೆ. ಅದರಲ್ಲಿ ಒಂದು ಪಾಲು ಆಶ್ರಮಕ್ಕೆ ಹೋಗುತ್ತದೆ. ಮಕ್ಕಳಿದ್ದರೆ ಮಾತ್ರ ಸ್ವಯಂಸೇವಕರು ಬರುತ್ತಾರೆ, ಮಕ್ಕಳು ಬಡವರಂತೆ ಕಂಡರೆ ಇನ್ನಷ್ಟು ದಾನ ಬರುತ್ತದೆ. ಹಾಗಾಗಿ ಮಂಚ, ಚಪ್ಪಲಿ, ಹೊಸ ಬಟ್ಟೆಗೆ ಕೊಟ್ಟ ದುಡ್ಡು ಮಕ್ಕಳಿಗೆ ಮುಟ್ಟದೇ ಉಳಿದರೆ ನಡೆಸುವವನಿಗೇ ಲಾಭ. ಹಾಸಿಗೆ ಖಾಲಿಯಾದರೆ ದಲ್ಲಾಳಿ ಮತ್ತೆ ಹಳ್ಳಿಗೆ ಹೋಗುತ್ತಾನೆ. ಎಲ್ಲ ಆಶ್ರಮಗಳೂ ಹೀಗಿರಲಿಲ್ಲ. ಪ್ರಾಮಾಣಿಕವಾಗಿ ನಡೆಸಿದವರೂ ಇದ್ದರು. ಆದರೆ ಅಂಥವರ ಅಂಗಳಕ್ಕೂ ಮಕ್ಕಳನ್ನು ತಂದು ಬಿಡುತ್ತಿದ್ದದ್ದು ಬಡತನವೇ. ಮನೆಯಲ್ಲಿದ್ದರೆ ಶಾಲೆಯಿಲ್ಲ, ಆಶ್ರಮಕ್ಕೆ ಹೋದರೆ ಇಂಗ್ಲಿಷ್, ಕಂಪ್ಯೂಟರ್, ಮೂರು ಹೊತ್ತು ಅನ್ನ ಎಂದಾದರೆ ಯಾವ ತಾಯಿ ತಾನೇ ಬೇಡ ಎಂದಾಳು?

ಇಲ್ಲಿ ಆಸ್ಟ್ರೇಲಿಯಾದ ತಾರಾ ವಿಂಕ್ಲರ್ ಅವರ ಕಥೆ ಹೇಳಬೇಕು. ಹೊರದೇಶದ ಅನಾಥಾಶ್ರಮ ಒಬ್ಬ ಯುವತಿಯನ್ನು ಹೇಗೆ ಬದಲಾಯಿಸಬಹುದು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯಂತ ಪೂರ್ತಿಯಾದ ಉತ್ತರ ಅವರದು. ಇಪ್ಪತ್ತರ ಆಸುಪಾಸಿನಲ್ಲಿ ತಿರುಗಾಡಲು ಕಾಂಬೋಡಿಯಾಕ್ಕೆ ಹೋಗಿ, ಬಟ್ಟಂಬಾಂಗ್‌ನ ಒಂದು ಅನಾಥಾಶ್ರಮ ನೋಡಿ ಮನ ಕರಗಿ, ಸಿಡ್ನಿಗೆ ಮರಳಿ ಅದಕ್ಕಾಗಿ ದುಡ್ಡು ಕೂಡಿಸಿದರು. 2007ರಲ್ಲಿ ಮತ್ತೆ ಹೋದಾಗ ಒಳಗಿನ ಸ್ಥಿತಿ ಗೊತ್ತಾಯಿತು. ಕಳಿಸಿದ ದುಡ್ಡು ಮಕ್ಕಳಿಗೆ ತಲುಪಿರಲಿಲ್ಲ. ಮಕ್ಕಳಿಗೆ ಹೊಟ್ಟೆ ತುಂಬ ಊಟವಿರಲಿಲ್ಲ. ನಡೆಸುತ್ತಿದ್ದವನಿಂದಲೇ ಮಕ್ಕಳ ಮೇಲೆ ದೌರ್ಜನ್ಯ ನಡೆದಿತ್ತು. ಅಧಿಕಾರಿಗಳ ನೆರವಿನಿಂದ 14 ಮಕ್ಕಳನ್ನು ಅಲ್ಲಿಂದ ಬಿಡಿಸಿದರು. ಪೋನ್ ಜೆಡ್ತಾ ಎಂಬ ಕಾಂಬೋಡಿಯಾದ ಗೆಳೆಯರ ಜೊತೆ ಸೇರಿ ಆ ಮಕ್ಕಳಿಗಾಗಿ ತಾವೇ ಒಂದು ಮನೆ ಮಾಡಿದರು.

ಬೇರೆಯವರು ಹೇಳಿದ್ದರೆ ಕಥೆ ಇಲ್ಲಿಗೆ ಸುಖಾಂತವಾಗಿ ಮುಗಿಯುತ್ತಿತ್ತು. ವಿಂಕ್ಲರ್ ತಾವೇ ಸಾರ್ವಜನಿಕವಾಗಿ ಹೇಳಿಕೊಂಡಿರುವ ಪ್ರಕಾರ ನಿಜವಾದ ಪಾಠ ಆಮೇಲೆ ಬಂತು. ವರ್ಷಗಳು ಕಳೆದು ಅಲ್ಲಿನ ಖ್ಮೇರ್ ಭಾಷೆ ಚೆನ್ನಾಗಿ ಬಂದ ಮೇಲೆ ಮಕ್ಕಳು ಅವರ ಹತ್ತಿರ ಮನಸ್ಸು ಬಿಚ್ಚಿ ಮಾತಾಡತೊಡಗಿದರು. ಹೆಚ್ಚಿನ ಮಕ್ಕಳಿಗೆ ಮನೆಯಿತ್ತು, ಮನೆಯವರಿದ್ದರು. ಕೆಟ್ಟ ಆಶ್ರಮದ ಬದಲು ಒಳ್ಳೆಯ ಆಶ್ರಮ ಕಟ್ಟಿದ್ದೇ ತಪ್ಪಾಯಿತು, ಆಶ್ರಮವೇ ಬೇಕಿರಲಿಲ್ಲ ಎಂಬ ತೀರ್ಮಾನಕ್ಕೆ ಅವರು ಬಂದರು. ಅವರ ಸಂಸ್ಥೆ ದಾರಿ ಬದಲಿಸಿತು. ಮಕ್ಕಳನ್ನು ಅವರವರ ಮನೆಗೆ, ಅದಾಗದಿದ್ದರೆ ಸಾಕುಮನೆಗೆ ಸೇರಿಸಿ, ಆ ಮನೆಯೇ ಮಗುವನ್ನು ಸಾಕುವಂತೆ ಆಸರೆ ಕೊಡುವ ಕೆಲಸಕ್ಕೆ ಇಳಿಯಿತು.

ಅವರ ಕಣ್ಣು ತೆರೆಸಿದ್ದು ಭಾಷೆ. ಎರಡು ವಾರಕ್ಕೆ ಹೋಗುವ ಸ್ವಯಂಸೇವಕರಿಗೆ ಅದು ಸಿಗುವುದೇ ಇಲ್ಲ. ಹೆಸರೇನು, ವಯಸ್ಸೆಷ್ಟು, ಚೆನ್ನಾಗಿದ್ದೀಯಾ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಅದರ ಮೇಲೆ ಏನಿದ್ದರೂ ಆಶ್ರಮ ನಡೆಸುವವರೇ ಅನುವಾದಿಸಿ ಹೇಳಬೇಕು. ನಮ್ಮ ಊರಿನ ಮಗುವೊಂದನ್ನು ಕನ್ನಡದ ಒಂದಕ್ಷರ ಬಾರದವರ ಕೈಗೆ ಕೊಟ್ಟು, ಇದರ ದುಃಖ ಅರಿತು ಸಂತೈಸಿ ಎಂದು ಹೇಳಲು ನಮಗೆ ಮನಸ್ಸು ಬಂದೀತೇ?

ಇನ್ನು ಆ ತಬ್ಬಿಕೊಳ್ಳುವಿಕೆ. ಗೇಟು ತೆಗೆದು ಒಳಗೆ ಕಾಲಿಟ್ಟ ಕೂಡಲೇ ಮಕ್ಕಳು ಓಡಿ ಬಂದು ಮೈಗೆ ಅಂಟಿಕೊಂಡವು, ಬಿಡಲೇ ಇಲ್ಲ ಎಂಬ ಸಾಲು ಸ್ವಯಂಸೇವಕರ ಅನುಭವ ಕಥನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದನ್ನು ಅವರು ಪ್ರೀತಿ ಎಂದು ಓದಿಕೊಳ್ಳುತ್ತಾರೆ. ಮನೆಯಲ್ಲಿ ಬೆಳೆದ ಎರಡು ವರ್ಷದ ಕೂಸು ಗುರುತಿಲ್ಲದವರು ಬಂದರೆ ಏನು ಮಾಡುತ್ತದೆ? ಅಮ್ಮನ ಸೆರಗಿನ ಹಿಂದೆ ಅಡಗಿ, ಒಂದು ಕಣ್ಣಿನಲ್ಲಿ ಇಣುಕುತ್ತದೆ. ಎತ್ತಿಕೊಳ್ಳಲು ಹೋದರೆ ಅಳುತ್ತದೆ. ಕಂಡಕಂಡವರ ತೋಳಿಗೆ ಬೀಳುವುದು, ಯಾರ ಜೊತೆ ಬೇಕಾದರೂ ಹೊರಟುಬಿಡುವುದು ಆರೋಗ್ಯದ ಗುರುತಲ್ಲ, ಪೆಟ್ಟಿನ ಗುರುತು.

ಇದನ್ನು ಎಲ್ಲಕ್ಕಿಂತ ಆಳವಾಗಿ ನೋಡಿದ್ದು ರೊಮೇನಿಯಾದಲ್ಲಿ. ಸರ್ವಾಧಿಕಾರಿ ಚೌಷೆಸ್ಕುವಿನ ಆಡಳಿತ 1989ರಲ್ಲಿ ಬಿದ್ದಾಗ ಅಲ್ಲಿನ ಅನಾಥಾಲಯಗಳಲ್ಲಿ ಲಕ್ಷಕ್ಕೂ ಮೀರಿ ಮಕ್ಕಳಿದ್ದರು. 2000ದಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ಮೂವರು ಸಂಶೋಧಕರು ರಾಜಧಾನಿ ಬುಖಾರೆಸ್ಟ್‌ನ ಅನಾಥಾಲಯಗಳಲ್ಲಿದ್ದ 136 ಎಳೆಯ ಮಕ್ಕಳನ್ನು ಆರಿಸಿಕೊಂಡು, ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಸೇರಿಸಿ, ವರ್ಷಗಟ್ಟಲೆ ಎರಡೂ ಗುಂಪುಗಳ ಬೆಳವಣಿಗೆ ಗಮನಿಸಿದರು. ಮನೆ ಸೇರಿದವರು ಬುದ್ಧಿಯಲ್ಲೂ ಒಡನಾಟದಲ್ಲೂ ಮುಂದೆ ಬಂದರು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರ ಚೇತರಿಕೆ ಇನ್ನೂ ಚೆನ್ನಾಗಿತ್ತು. ಮಗುವಿಗೆ ಬೇಕಾದದ್ದು ಅನೇಕರ ಅಕ್ಕರೆಯಲ್ಲ. ಅಳುವಾಗ ಬರುವ, ನಾಳೆಯೂ ಬರುವ ಅದೇ ಒಂದೆರಡು ಮುಖಗಳು. ಲಿಂಡಾ ರಿಕ್ಟರ್ ಮತ್ತು ಏಮಿ ನಾರ್ಮನ್ 2010ರಲ್ಲಿ ಆಫ್ರಿಕಾದ ದಕ್ಷಿಣ ಭಾಗದ ಆಶ್ರಮಗಳ ಬಗ್ಗೆ ಬರೆಯುತ್ತ ಇದನ್ನೇ ಎಚ್ಚರಿಸಿದ್ದರು: ಸ್ವಯಂಸೇವಕರು ಬಂದು ಹಚ್ಚಿಕೊಂಡು ಹೋದ ಪ್ರತಿ ಸಲವೂ ಮಗುವಿನ ಪಾಲಿಗೆ ಮತ್ತೊಮ್ಮೆ ಯಾರೋ ಬಿಟ್ಟುಹೋದ ಹಾಗೆ. ಎರಡು ವಾರಕ್ಕೊಬ್ಬರಂತೆ ಬಂದರೆ ವರ್ಷಕ್ಕೆ ಇಪ್ಪತ್ತಾರು ಅಗಲಿಕೆ. ವಿಮಾನ ನಿಲ್ದಾಣದಲ್ಲಿ ಊರಿಗೆ ಹೊರಟ ಸ್ವಯಂಸೇವಕಿ ಅಳುವುದು ನಿಜವಾದ ಅಳು. ಹಿಂದೆ ಉಳಿದ ಮಗು ಮಾತ್ರ ಸೋಮವಾರ ಬರುವ ಹೊಸಬರಿಗಾಗಿ ಮತ್ತೆ ನಗಬೇಕು.

ಹೋಗಿ ಬಂದವರು ಕಲಿಯುವುದರಲ್ಲಿ ಒಳ್ಳೆಯದೂ ಇದೆ. ಸೌಕರ್ಯವಿಲ್ಲದೆ ಬದುಕುವುದು, ಬೇರೆಯವರ ಅಡುಗೆಯನ್ನು ಮುಖ ಸಿಂಡರಿಸದೆ ಉಣ್ಣುವುದು, ತನ್ನ ದೇಶವೇ ಜಗತ್ತಲ್ಲ ಎಂದು ತಿಳಿಯುವುದು. ಎಷ್ಟೋ ಜನ ಇದೇ ಅನುಭವದಿಂದ ಶಿಕ್ಷಕರು, ದಾದಿಯರು, ಸಮಾಜ ಕಾರ್ಯಕರ್ತರಾಗಿದ್ದಾರೆ. ನನಗೆ ಕಳವಳ ತರುವುದು ಜೊತೆಗೆ ಕಲಿತು ಬರುವ ಇನ್ನೊಂದು ಪಾಠ. ಬಡವರಾದರೂ ಎಷ್ಟು ಖುಷಿಯಾಗಿದ್ದಾರೆ ನೋಡಿ ಎಂಬ ಮಾತು. ತರಬೇತಿಯಿಲ್ಲದ ನಾನೂ ಹೊರದೇಶದಲ್ಲಿ ಪಾಠ ಹೇಳಬಹುದು, ಗಾಯಕ್ಕೆ ಪಟ್ಟಿ ಕಟ್ಟಬಹುದು ಎಂಬ ಧೈರ್ಯ. ತಮ್ಮ ಊರಿನ ಶಿಶುವಿಹಾರಕ್ಕೆ ಪೊಲೀಸ್ ಪರಿಶೀಲನೆಯಿಲ್ಲದೆ ಕಾಲಿಡಲಾಗದ ಎಳೆಯರು, ಫೀಸು ಕಟ್ಟಿದ್ದೇ ಅರ್ಹತೆಯಾಗಿ ಇಂಥ ಆಶ್ರಮಗಳಲ್ಲಿ ಮಕ್ಕಳ ಮಲಗುವ ಕೋಣೆಯವರೆಗೆ ಹೋಗಬಹುದು. ಒಳ್ಳೆಯವರಿಗೆ ತೆರೆದ ಆ ಬಾಗಿಲು ಕೆಟ್ಟವರಿಗೂ ತೆರೆದೇ ಇರುತ್ತದೆ.

ಇದು ಬೇರೆಯವರ ಕಥೆ ಎಂದು ಓದಿ ಸುಮ್ಮನಾಗುವಂತಿಲ್ಲ. ಅಮೆರಿಕ, ಆಸ್ಟ್ರೇಲಿಯಾದಲ್ಲಿ ಬೆಳೆಯುತ್ತಿರುವ ನಮ್ಮವರ ಮಕ್ಕಳೂ ಕಾಲೇಜಿನ ಅರ್ಜಿಯಲ್ಲಿ ಸೇವೆಯ ಸಾಲೊಂದು ಇರಲೆಂದು ಬೇಸಿಗೆ ರಜೆಯಲ್ಲಿ ಇಂಥ ಪ್ರವಾಸ ಹುಡುಕುತ್ತಾರೆ. ಬೆಂಗಳೂರಿನ ಕಾಲೇಜುಗಳಿಂದಲೂ ಹುಡುಗರು ಹೊರದೇಶದ ಸ್ವಯಂಸೇವೆಗೆ ಹೋಗುತ್ತಾರೆ. ಅಷ್ಟು ದೂರವೇಕೆ, ನಮ್ಮಲ್ಲೇ ಮಗುವಿನ ಹುಟ್ಟುಹಬ್ಬಕ್ಕೆ ಅನಾಥಾಶ್ರಮದಲ್ಲಿ ಊಟ ಹಾಕಿಸುವ ರೂಢಿ ಎಷ್ಟು ಬೆಳೆದಿದೆ ನೋಡಿ. ನಾನೂ ಹಾಗೆ ಹೋಗಿ ಬಡಿಸಿದ್ದೇನೆ. ಸಾಲಾಗಿ ಕುಳಿತ ಮಕ್ಕಳು ಕೇಕು ಕತ್ತರಿಸುವವರೆಗೆ ಎಲೆಯ ಮುಂದೆ ಕಾಯುತ್ತಿದ್ದರು. ಹಾಡು ಅವರಿಗೆ ಬಾಯಿಪಾಠವಾಗಿತ್ತು, ತಿಂಗಳಲ್ಲಿ ಹತ್ತಾರು ಸಲ ಯಾರದೋ ಹುಟ್ಟುಹಬ್ಬಕ್ಕೆ ಹಾಡಿ ಹಾಡಿ. ಅವರ ಪೈಕಿ ಯಾರ ಹುಟ್ಟುಹಬ್ಬ ಯಾವಾಗ ಎಂದು ನಾನು ಕೇಳಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅಂದು ತೆಗೆದ ಫೋಟೋಗಳನ್ನು ಎಲ್ಲರೂ ಹಂಚಿಕೊಂಡೆವು. ಪೋಷಣೆ, ರಕ್ಷಣೆ ಬೇಕಾದ ಮಕ್ಕಳ ಗುರುತು, ಚಿತ್ರ ಹೊರಹಾಕಬಾರದೆಂದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ಹೇಳುತ್ತದೆ ಎಂದು ಆಮೇಲೆ ಓದಿ ತಿಳಿದೆ.

ಬಡ ಮಗುವಿಗೆ ನೆರವಾಗುವ ಬೇರೆ ದಾರಿಗಳು ನಮ್ಮಲ್ಲಿ ಹಿಂದಿನಿಂದಲೂ ಇವೆ. ಮೈಸೂರು, ಧಾರವಾಡಗಳಿಗೆ ಓದಲು ಬಂದ ಎಷ್ಟೋ ಹುಡುಗರು ವಾರಾನ್ನದಲ್ಲಿ ಬೆಳೆದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಜಾತಿಯ ಗೋಡೆಯೊಳಗೇ ನಡೆದ ವ್ಯವಸ್ಥೆ ಅದು, ಅದರಲ್ಲಿ ಅವಮಾನದ ತುತ್ತುಗಳೂ ಇದ್ದವು, ಅದನ್ನು ಮರೆಮಾಚಬೇಕಿಲ್ಲ. ತುಮಕೂರಿನ ಸಿದ್ಧಗಂಗಾ ಮಠದಂಥ ಕಡೆ ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಊಟ, ವಸತಿ, ಓದು ಸಿಕ್ಕಿತು. ಅಲ್ಲಿ ಯಾರೂ ಆ ಮಕ್ಕಳನ್ನು ಅನಾಥರೆಂದು ಕರೆಯಲಿಲ್ಲ. ಅಪ್ಪನೇ ಟ್ರಂಕು ಹೊತ್ತು ತಂದು ಸೇರಿಸಿದ, ರಜೆ ಬಂದರೆ ಹುಡುಗ ಊರಿಗೆ ಹೋದ. ಹಾಸ್ಟೆಲ್ಲಿನಲ್ಲೂ ಮನೆಯ ನೆನಪಾಗಿ ಅತ್ತ ಮಕ್ಕಳಿದ್ದಾರೆ, ಆದರೆ ನೆನೆದು ಅಳಲು ಅವರಿಗೊಂದು ಮನೆ ಇತ್ತು.

ಈಗ ಕಾನೂನುಗಳೂ ನಿಧಾನವಾಗಿ ಈ ಕಡೆ ತಿರುಗುತ್ತಿವೆ. 2015ರ ಭೂಕಂಪದ ನಂತರ ನೇಪಾಳ ಹೊಸ ಮಕ್ಕಳ ಮನೆಗಳ ನೋಂದಣಿ ನಿಲ್ಲಿಸಿತು. ಪ್ರವಾಸಿ ವೀಸಾದಲ್ಲಿ ಬಂದು ಸ್ವಯಂಸೇವೆ ಮಾಡುವುದಕ್ಕೂ ಅಲ್ಲಿ ಅನುಮತಿಯಿಲ್ಲ. ಆಸ್ಟ್ರೇಲಿಯಾದ ಸಂಸದೀಯ ಸಮಿತಿ 2017ರಲ್ಲಿ ಅನಾಥಾಶ್ರಮಗಳಿಗಾಗಿ ಮಕ್ಕಳನ್ನು ಸಾಗಿಸುವುದನ್ನು ಆಧುನಿಕ ಗುಲಾಮಗಿರಿಯ ಸಾಲಿಗೆ ಸೇರಿಸಿ ನೋಡಿತು. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2019ರ ಡಿಸೆಂಬರಿನಲ್ಲಿ ಒಪ್ಪಿದ ನಿರ್ಣಯದಲ್ಲಿ ಅನಾಥಾಶ್ರಮದ ಸ್ವಯಂಸೇವೆಯಿಂದ ಆಗುವ ಹಾನಿಯ ಪ್ರಸ್ತಾಪವಿದೆ. ನಮ್ಮ ಬಾಲನ್ಯಾಯ ಕಾಯ್ದೆಯೂ ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ ಎನ್ನುತ್ತದೆ. ಮಗು ಮನೆಯಲ್ಲೇ ಉಳಿಯಲೆಂದು ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವವಿದೆ. ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಮಕ್ಕಳನ್ನು ಎಲ್ಲಾದರೂ ಸೇರಿಸಿಬಿಡೋಣ ಎಂದುಕೊಳ್ಳುತ್ತಿದ್ದರೆ, ಅವಳನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರೆಗೆ ಕರೆದುಕೊಂಡು ಹೋಗಿ ಅರ್ಜಿ ಬರೆದುಕೊಡುವುದು ಒಂದು ಮಧ್ಯಾಹ್ನದ ಕೆಲಸ.

ಮನೆಯ ಎಳೆಯರು ಹೊರದೇಶಕ್ಕೆ ಹೋಗುತ್ತೇನೆ ಎಂದರೆ ನಾನು ಬೇಡ ಎನ್ನುವುದಿಲ್ಲ. ಹೋಗುವ ಸಂಸ್ಥೆಗೆ ಒಂದು ಪತ್ರ ಬರೆದು ನೋಡಲಿ ಎನ್ನುತ್ತೇನೆ. ಈ ಮಕ್ಕಳ ತಂದೆತಾಯಿ ಯಾರು, ಎಲ್ಲಿದ್ದಾರೆ, ಕೊನೆಯ ಸಲ ಮಗು ಅವರನ್ನು ನೋಡಿದ್ದು ಯಾವಾಗ? ಹೋದ ವರ್ಷ ಎಷ್ಟು ಮಕ್ಕಳು ಮನೆಗೆ ಮರಳಿದರು? ನನ್ನ ಪೊಲೀಸ್ ಪರಿಶೀಲನೆಯ ಪತ್ರ ಏಕೆ ಕೇಳಲಿಲ್ಲ? ಇವಕ್ಕೆ ನೇರ ಉತ್ತರ ಬಾರದಿದ್ದರೆ ಟಿಕೆಟ್ ತೆಗೆಯುವುದು ಬೇಡ. ಒಳ್ಳೆಯ ಸಂಸ್ಥೆಯಾದರೆ, ಮಕ್ಕಳ ಹತ್ತಿರ ಬಿಡುವುದಿಲ್ಲ, ನಮ್ಮ ಸಿಬ್ಬಂದಿಗೆ ಲೆಕ್ಕ ಬರೆಯುವುದನ್ನೋ ಕಂಪ್ಯೂಟರನ್ನೋ ಕಲಿಸುತ್ತೀರಾ ಎಂದು ಕೇಳಬಹುದು. ಮನಸ್ಸಿಗೆ ಸ್ವಲ್ಪ ನಿರಾಸೆಯಾದೀತು. ಆದರೂ ಹೋಗಲಿ.

ಆ ತಾಯಿ ಬಂದು ಹೋದ ಮೇಲೆ ಗ್ರೆನ್ನನ್ ಮಕ್ಕಳ ಮನೆಯವರನ್ನು ಹುಡುಕುವ ದಾರಿ ಹಿಡಿದರು. 2006ರಲ್ಲಿ ಮಕ್ಕಳನ್ನು ಮನೆಯವರ ಜೊತೆ ಸೇರಿಸುವ ಸಂಸ್ಥೆಯೊಂದನ್ನು ಕಟ್ಟಿ, ಯುದ್ಧ ನಿಂತ ಕೂಡಲೇ ಮಕ್ಕಳ ಫೋಟೋಗಳನ್ನು ಹಿಡಿದುಕೊಂಡು ಹುಮ್ಲಾಕ್ಕೆ ಹೋದರು. ಅಲ್ಲಿಗೆ ಆಗ ರಸ್ತೆಯಿರಲಿಲ್ಲ. ಸಿಮಿಕೋಟ್‌ನ ಬೆಟ್ಟದ ಮೇಲಿನ ಏರ್‌ಸ್ಟ್ರಿಪ್‌ನಲ್ಲಿ ಪುಟ್ಟ ವಿಮಾನದಿಂದ ಇಳಿದು, ಮುಂದೆ ದಿನಗಟ್ಟಲೆ ನಡಿಗೆ. ಊರೂರಿನಲ್ಲಿ ಫೋಟೋ ತೋರಿಸಿ, ಈ ಮಗು ಯಾರದು ಎಂದು ಕೇಳುತ್ತ ಹೋದರು. ತಂದೆತಾಯಿಗಳು ಸಿಕ್ಕರು. ಸಿಕ್ಕಿದ ತಕ್ಷಣ ಮಕ್ಕಳು ಮನೆ ಸೇರಿದರು ಎಂದಲ್ಲ. ವರ್ಷಗಳ ಕಾಲ ದೂರವಿದ್ದ ಮಗುವಿಗೆ ಊರಿನ ಮಾತೇ ಮರೆತಿರುತ್ತದೆ, ಅಮ್ಮನ ಮುಖ ಹೊಸದಾಗಿರುತ್ತದೆ, ಮನೆಯಲ್ಲಿ ಹಿಟ್ಟಿಗೆ ಇಂದಿಗೂ ಕೊರತೆ, ಶಾಲೆ ಬೆಟ್ಟದಾಚೆ. ಒಂದೊಂದು ಮಗುವಿಗೂ ಯಾರಾದರೂ ನಾಲ್ಕಾರು ಸಲ ಆ ದಾರಿ ಹತ್ತಿ ಇಳಿಯಬೇಕು. ಆ ಕೆಲಸ ಮಾಡುವವರು ಅಲ್ಲಿಯ ಮಾತು ಬಲ್ಲ, ಅಲ್ಲಿಯ ದಾರಿ ಬಲ್ಲ ನೇಪಾಳಿಗಳು. ಅವರಿಗೆ ಬೇಕಿರುವುದು ತಿಂಗಳ ಸಂಬಳ, ವಿಮಾನದ ಟಿಕೆಟ್ಟು, ಮಳೆಗಾಲ ಬರುವ ಮುಂಚೆ ಒಂದು ಜೊತೆ ಗಟ್ಟಿ ಬೂಟು.